ಕುರಿಮೈಗೆ ಹತ್ತಿದ ಎಣ್ಣೆ

ಉರುಕುಂದಪ್ಪನ ಮನೆತನದಲ್ಲಿ ನೀರನ್ನು ನಂಬಿ ಬದುಕಿದವನು ಅವನೊಬ್ಬನೇ. ಅಪ್ಪ, ಅಜ್ಜ, ಅಣ್ಣ ಬಾಲಯ್ಯ ಎಲ್ಲರೂ ಕುರಿಯ ಹಿಂದೆ ನಡೆದವರು. ಹದಿನೆಂಟನೆಯ ವಯಸ್ಸಿಗೆ ತೆಲುಗು ಗಡಿಯ ಮಕ್ತಲ್ ಕಡೆಯ ತನ್ನ ಹಳ್ಳಿ ಬಿಟ್ಟು ಪುಣೆಗೆ ಕೂಲಿಗೆ ಹೋದ ಉರುಕುಂದಪ್ಪ, ಅಲ್ಲಿ ನದಿಯಲ್ಲಿ ಮರಳು ತೆಗೆಯುವ ದೋಣಿಯ ಮೇಲೆ ದುಡಿದು ಡೀಸೆಲ್ ಎಂಜಿನ್ನಿನ ಒಳಹೊರಗೆಲ್ಲ ಕಲಿತ. ಇಪ್ಪತ್ತು ವರ್ಷದ ಮೇಲೆ ಅವನು ತಿರುಗಿ ಬಂದಾಗ ಊರ ದೊಡ್ಡಕೆರೆಯಲ್ಲಿ ಬೋಟಿಂಗ್ ಶುರುವಾಗಿತ್ತು. ಗುತ್ತಿಗೆ ಹಿಡಿದಿದ್ದ ಶ್ರೀನುವಿಗೆ ಎಂಜಿನ್ ಬಲ್ಲ ಆಳು ಬೇಕಾಗಿದ್ದ. ಹೀಗೆ ಉರುಕುಂದಪ್ಪ ಮೂವತ್ತು ಜನ ಕೂರುವ ಬೋಟಿನ ಚಾಲಕನಾದ.

ಭಾನುವಾರ ಬಂತೆಂದರೆ ನಾರಾಯಣಪೇಟೆ, ಮರಿಕಲ್, ಗದ್ವಾಲಗಳಿಂದ ಸಂಸಾರ ಸಮೇತ ಜನ ಬರುತ್ತಿದ್ದರು. ಬೋಟು ಬಿಡುವ ಮೊದಲು ಅವನು ಎದುರಿಗೆ ನಿಂತು ಹೇಳುತ್ತಿದ್ದ:

“ಅಣ್ಣಾರ, ಅಕ್ಕಾರ, ನೀರಿಗೆ ಏನೂ ಒಗೀಬ್ಯಾಡ್ರಿ. ಕವರು, ಬಾಟ್ಲಿ, ಗುಟ್ಕಾ ಚೀಟಿ ಎಲ್ಲಾ ಈ ಬುಟ್ಟ್ಯಾಗ ಹಾಕ್ರಿ. ಇದೇ ನೀರು ದನ ಕುಡೀತಾವ. ಇದೇ ನೀರಾಗ ನಮ್ಮ ಕುರಿ ಮೈ ತೊಳೀತೀವಿ.”

ಹೀಗೆ ಹೇಳೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಶುರು ಮಾಡಿದ್ದ. ಜನ ತಲೆದೂಗಿದರೆ ಅವನ ಎದೆ ಉಬ್ಬುತ್ತಿತ್ತು.

ಆದರೆ ಬೋಟಿನ ಎಂಜಿನ್ ಹಳೆಯದು, ಎಣ್ಣೆ ಸೋರುತ್ತಿತ್ತು. ಹಲಗೆಯ ಕೆಳಗೆ ಬೋಟಿನ ತಳದಲ್ಲಿ ನಿಂತ ನೀರಿಗೆ ಆ ಎಣ್ಣೆ ಸೇರಿ ಕಪ್ಪಗಾಗುತ್ತಿತ್ತು. ದಿನಾ ಬೆಳಿಗ್ಗೆ ಜನ ಬರುವ ಮುಂಚೆ ಉರುಕುಂದಪ್ಪ ಬೋಟನ್ನು ಜೊಂಡು ಬೆಳೆದ ಮೂಲೆಗೆ ಒಯ್ದು ಆ ನೀರನ್ನು ಬಕೆಟ್ಟಿನಲ್ಲಿ ತೋಡಿ ಕೆರೆಗೇ ಚೆಲ್ಲುತ್ತಿದ್ದ. ಪುಣೆಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು. ಇಷ್ಟು ದೊಡ್ಡ ಕೆರೆಗೆ ನಾಲ್ಕು ಬಕೆಟ್ ಯಾವ ಲೆಕ್ಕ ಎಂದುಕೊಂಡಿದ್ದ. ಹಾಗಿದ್ದರೆ ಜೊಂಡಿನ ಮರೆಗೇ ಏಕೆ ಹೋಗುತ್ತಿದ್ದೇನೆ ಎಂದು ಮಾತ್ರ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ.

ದಸರೆ ಕಳೆದ ಮೇಲಿನ ಒಂದು ಭಾನುವಾರ ಗದ್ವಾಲದ ಶಾಲಾ ಮೇಷ್ಟ್ರು ಪ್ರವೀಣ್ ಕುಮಾರ್ ಹೆಂಡತಿ ಮತ್ತು ಮಗಳು ಅಖಿಲಾಳೊಂದಿಗೆ ಬೋಟು ಹತ್ತಿದರು. ನಡುಕೆರೆಯಲ್ಲಿ ಮಿರ್ಚಿ ತಿಂದು ಮುಗಿಸಿ, ಮಾತಿನ ಗುಂಗಿನಲ್ಲಿ ಎಣ್ಣೆ ಹತ್ತಿದ ಕಾಗದವನ್ನು ನೀರಿಗೆ ಬಿಟ್ಟರು. ಉರುಕುಂದಪ್ಪ ಎಂಜಿನ್ ನಿಲ್ಲಿಸಿದ.

“ಸಾರು, ಓದಿದೋರು ನೀವು. ನಿಮ್ಮನಿ ಕುಡಿಯೋ ನೀರಿನ ಕೊಡದಾಗ ಹಿಂಗ ಒಗೀತೀರೇನ್ರಿ?”

ಬೋಟನ್ನು ತಿರುಗಿಸಿ ಕಾಗದದ ಹತ್ತಿರ ತಂದು, ಅವರೇ ಬಗ್ಗಿ ಎತ್ತುವ ತನಕ ಕಾದ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ಮಗಳೆದುರಿಗೆ ಮೇಷ್ಟ್ರ ಮುಖ ಸಣ್ಣದಾಯಿತು. ಒದ್ದೆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು. ದಡಕ್ಕೆ ಇಳಿದ ಮೇಲೆ ತಾವಾಗಿ ಅವನ ಹತ್ತಿರ ಬಂದರು.

“ತಪ್ಪಾತ್ರಿ. ನನ್ನ ನಂಬರ್ ಇಟ್ಕೋರಿ. ಒಂದಿನ ನಮ್ಮ ಶಾಲಿ ಮಕ್ಕಳಿಗೆ ನೀವೇ ಬಂದು ಈ ಮಾತು ಹೇಳ್ಬೇಕು.”

ಆ ದಿನವಿಡೀ ಉರುಕುಂದಪ್ಪನ ಕಾಲು ನೆಲದ ಮೇಲೆ ಇರಲಿಲ್ಲ.

ಮೂರು ದಿನದ ಮೇಲೆ ಬಾಲಯ್ಯ ಉಣ್ಣೆ ಕತ್ತರಿಸುವ ಮುಂಚಿನ ಸ್ನಾನಕ್ಕೆ ಕುರಿಗಳನ್ನು ಕೆರೆಗಿಳಿಸಿದ. ಕುರಿ ತೊಳೆಯುವ ಇಳಿಜಾರು ಜೊಂಡಿನ ಮೂಲೆಯ ಪಕ್ಕದಲ್ಲೇ ಇತ್ತು. ಆ ಬೆಳಿಗ್ಗೆ ಗಾಳಿಯೂ ಜೊಂಡಿನಿಂದ ಇಳಿಜಾರಿನ ಕಡೆಗೇ ಬೀಸುತ್ತಿತ್ತು. ಮರುದಿನ ಕತ್ತರಿ ಹಾಕಿದರೆ ಉಣ್ಣೆ ಅಂಟಂಟು, ಮೂಗಿಗೆ ಹಿಡಿದರೆ ಡೀಸೆಲ್ ನಾತ. ಬೀರಪ್ಪ ದೇವರ ಗುಡಿಗೆ ಈ ಉಣ್ಣೆಯಲ್ಲೇ ಒಂದು ಕಂಬಳಿ ನೇಯಿಸಿ ಹಾಸುತ್ತೇನೆಂದು ಹರಕೆ ಹೊತ್ತಿದ್ದ ಬಾಲಯ್ಯನ ಹೆಂಡತಿ ಕುರುಮಮ್ಮ, ಉಣ್ಣೆಯನ್ನು ಬುಟ್ಟಿಯಲ್ಲಿ ಹೊತ್ತು ನೇರ ಬೋಟಿಂಗ್ ಆಫೀಸಿಗೆ ಬಂದಳು.

ಶ್ರೀನು ಮೂಸಿ ನೋಡಿ ಮುಖ ಸಿಂಡರಿಸಿದ. “ಬೋಟಿನ್ಯಾಗ ಬಂದೋರು ಯಾರರ ಏನರ ಒಗದಿರ್ತಾರ. ಉರುಕುಂದಪ್ಪಾ, ನೀ ನೋಡಿಯೇನು?”

ಉರುಕುಂದಪ್ಪನಿಗೆ ವಾಸನೆ ಬಂದ ಕ್ಷಣವೇ ಗೊತ್ತಾಗಿತ್ತು. ಅತ್ತಿಗೆ ಅವನ ಮುಖವನ್ನೇ ನೋಡುತ್ತಿದ್ದಳು. ಅವನ ನಾಲಿಗೆ ತಾನೇ ಒಂದು ದಾರಿ ಹುಡುಕಿಕೊಂಡಿತು.

“ಐತ್ವಾರ ಗದ್ವಾಲದ ಸಾರೊಬ್ರು ಎಣ್ಣಿ ಕಾಗದ ಒಗದಿದ್ರು.”

ಮಾತು ಬೋಟಿನ ಮೇಲೆ ಬರದಿದ್ದರೆ ಶ್ರೀನುವಿಗೆ ಸಾಕಿತ್ತು. ಉರುಕುಂದಪ್ಪನಿಂದಲೇ ನಂಬರ್ ಇಸಿದುಕೊಂಡು ಫೋನ್ ಹಚ್ಚಿದ. ನೀವು ಒಗೆದ ಎಣ್ಣೆ ಕಾಗದದ ದೆಸೆಯಿಂದ ಬಡವರ ಉಣ್ಣೆ ಹಾಳಾಗಿದೆ ಎಂದು ತೆಲುಗಿನಲ್ಲಿ ದಬಾಯಿಸಿದ. ಮೇಷ್ಟ್ರು ಜಗಳವಾಡಿ ಫೋನ್ ಇಡುತ್ತಾರೆ, ಅಲ್ಲಿಗೆ ಮುಗಿಯುತ್ತದೆ ಎಂದು ಉರುಕುಂದಪ್ಪ ತಿಳಿದಿದ್ದ.

ಅವರು ಜಗಳವಾಡಲಿಲ್ಲ. ಮರುದಿನ ಶಾಲೆಗೆ ರಜೆ ಹಾಕಿ, ಎರಡು ಬಸ್ಸು ಬದಲಿಸಿ ಊರಿಗೇ ಬಂದರು. ಕೈಚೀಲದಲ್ಲಿ ಸೋಪಿನ ಪುಡಿ ಮತ್ತು ಅಂಟುವಾಳದ ಕಾಯಿ. ಉರುಕುಂದಪ್ಪ ಊಟಕ್ಕೆಂದು ಅಣ್ಣನ ಜೊತೆಗಿದ್ದ ಮನೆಗೆ ಹೋದಾಗ ಅಂಗಳದಲ್ಲಿ ಕಂಡದ್ದು ಇದು: ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು ಮೇಷ್ಟ್ರು ಕುರುಮಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು ಬಾನಿಯಲ್ಲಿ ಉಣ್ಣೆ ಉಜ್ಜುತ್ತಿದ್ದಾರೆ.

“ಕಾಗದ ಎತ್ತಿದ್ರೂ ಅದರ ಎಣ್ಣಿ ನೀರಾಗ ಉಳಿದು ಇಷ್ಟಾಗ್ತೈತಿ ಅಂತ ನಂಗ ಗೊತ್ತಿರಲಿಲ್ಲಮ್ಮಾ,” ಎನ್ನುತ್ತಿದ್ದರು.

“ಇರಲಿ ಬಿಡ್ರಿ ಸಾರು. ನೀವು ಬೇಕಂತ ಮಾಡಿಲ್ಲಲ್ಲ,” ಎಂದಳು ಕುರುಮಮ್ಮ.

ಉರುಕುಂದಪ್ಪ ಅಂಗಳದ ಬಾಗಿಲಲ್ಲೇ ನಿಂತ. ಮೇಷ್ಟ್ರು ತಲೆಯೆತ್ತಿ ಅವನನ್ನು ಕಂಡು, ಮತ್ತೆ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ಕಣ್ಣು ತಗ್ಗಿಸಿದರು. ಅದನ್ನು ಅವನಿಗೆ ತಡೆಯಲಾಗಲಿಲ್ಲ.

“ಸಾರು, ಏಳ್ರಿ,” ಎಂದ. “ಅದು ನಿಮ್ಮ ಕಾಗದದ್ದಲ್ಲ. ನಂದು. ದಿನಾ ಮುಂಜಾನಿ ಎಂಜಿನ್ ಎಣ್ಣಿ ನೀರು ನಾನೇ ಕೆರಿಗೆ ಸುರೀತಿದ್ದೆ. ಉಣ್ಣಿ ತಂದಾಗ ನಂಗ ಗೊತ್ತಾಗಿತ್ತು. ಗೊತ್ತಿದ್ದೂ ನಿಮ್ಮ ಹೆಸರು ಹೇಳಿದೆ.”

ಬಾಲಯ್ಯ ಹಗ್ಗ ಹೊಸೆಯುತ್ತಿದ್ದವನು ಕೈ ನಿಲ್ಲಿಸಿದ. ಬೈದಿದ್ದರೆ, ಹೊಡೆದಿದ್ದರೆ ಉರುಕುಂದಪ್ಪನಿಗೆ ಹಗುರಾಗುತ್ತಿತ್ತು.

“ನಾ ಅವತ್ತು ನಿನ್ನ ಮಾರಿನೇ ನೋಡ್ಲಿಕತ್ತಿದ್ನಲ್ಲೋ, ಉರುಕುಂದಾ,” ಎಂದಳು ಕುರುಮಮ್ಮ.

ಅವನು ಮೇಷ್ಟ್ರ ಕೈಯಿಂದ ಉಣ್ಣೆ ತೆಗೆದುಕೊಳ್ಳಲು ಬಗ್ಗಿದ. ಅವರು ಕೊಡಲಿಲ್ಲ. “ಕೈ ಹಾಕೀನಿ, ಮುಗಿಸೇ ಹೋಗ್ತೀನ್ರಿ. ನೀವೂ ಕುಂದರ್ರಿ,” ಎಂದರು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಂಜೆಯ ತನಕ ಮೂವರೂ ಒಂದೇ ಬಾನಿಗೆ ಕೈಹಾಕಿ ಉಜ್ಜಿದರು. ನಾತ ಪೂರ್ತಿ ಹೋಗಲಿಲ್ಲ. ಆ ವರ್ಷ ಗುಡಿಗೆ ಕಂಬಳಿ ಹಾಸಲಾಗಲಿಲ್ಲ.

ಮರುದಿನ ಉರುಕುಂದಪ್ಪ ಶ್ರೀನುವಿಗೆ ಎಲ್ಲ ಹೇಳಿ, ಎಂಜಿನ್ ರಿಪೇರಿ ಆಗುವ ತನಕ ಬೋಟು ಬಿಡುವುದಿಲ್ಲವೆಂದ. ಶ್ರೀನು ಗೊಣಗಿದ, ಆದರೆ ಬಾಲಯ್ಯನ ಕಡೆಯ ಕುರಿಗಾರರು ಆಫೀಸಿನ ಮುಂದೆ ಬಂದು ನಿಂತದ್ದರಿಂದ ಒಪ್ಪಿದ. ಈಗ ಎಂಜಿನ್ನಿನ ಕೆಳಗೆ, ಅಲ್ಪಸ್ವಲ್ಪ ಸೋರಿದ್ದನ್ನು ಹೀರಲು, ಕಟ್ಟಿಗೆ ಹೊಟ್ಟು ತುಂಬಿದ ತಟ್ಟೆ ಇರುತ್ತದೆ. ತಳದ ನೀರನ್ನು ಡಬ್ಬದಲ್ಲಿ ತುಂಬಿ, ಹಳೆಯ ಎಣ್ಣೆ ಕೊಳ್ಳುವ ಮಕ್ತಲಿನ ಮೆಕ್ಯಾನಿಕ್‌ಗೆ ಒಪ್ಪಿಸಿ ಬರುತ್ತಾನೆ.

ಬೋಟಿನ ಮುಂದೆ ನಿಂತು ಈಗಲೂ ಮಾತಾಡುತ್ತಾನೆ, ಆದರೆ ಮಾತು ಬೇರೆ. “ಈ ನೀರು ನಾನೇ ಕೆಡಿಸೀನ್ರಿ,” ಎಂದು ಶುರು ಮಾಡುತ್ತಾನೆ. ಮೊದಲ ಸಲ ಅರ್ಧಕ್ಕೇ ನಿಲ್ಲಿಸಿ ಎಂಜಿನ್ ಹಚ್ಚಿದ್ದ. ಕೆಲವರು ನಗುತ್ತಾರೆ. ಕೆಲವರು ಕೈಯಲ್ಲಿದ್ದ ಕವರನ್ನು ಸುಮ್ಮನೆ ಬುಟ್ಟಿಗೆ ಹಾಕುತ್ತಾರೆ.

ಬಾಲಯ್ಯ ಈಗ ಕುರಿಗಳನ್ನು ಎರಡು ಮೈಲಿ ಆಚೆಯ ಸಣ್ಣ ನೀರಿನ ಕುಂಟೆಗೆ ಹೊಡೆದುಕೊಂಡು ಹೋಗಿ ತೊಳೆಯುತ್ತಾನೆ. ಉರುಕುಂದಪ್ಪ ಆ ದಿನ ಕೆಲಸ ಬಿಟ್ಟು ಜೊತೆಗೆ ನಡೆಯುತ್ತಾನೆ. ಅಣ್ಣ ಮಳೆಯ ಮಾತಾಡುತ್ತಾನೆ, ಮರಿಗಳ ಮಾತಾಡುತ್ತಾನೆ, ಕೆರೆಯ ಮಾತೆತ್ತುವುದಿಲ್ಲ.

ಪ್ರವೀಣ್ ಕುಮಾರ್ ಹಬ್ಬ ಹುಣ್ಣಿಮೆಗೆ ತಪ್ಪದೆ ಫೋನ್ ಮಾಡುತ್ತಾರೆ. ಶಾಲೆಗೆ ಯಾವಾಗ ಬರುತ್ತೀರಿ ಎಂದು ಪ್ರತಿ ಸಲವೂ ಕೇಳುತ್ತಾರೆ. ಅವರ ಹೆಸರು ಕಂಡ ಕೂಡಲೇ ಉರುಕುಂದಪ್ಪನ ಕಿವಿ ಬಿಸಿಯಾಗುತ್ತದೆ. ಎರಡು ಸಲ ರಿಂಗಾಗಲು ಬಿಟ್ಟು, ಎದ್ದು ನಿಂತು, ಮೂರನೆಯದಕ್ಕೆ ಎತ್ತುತ್ತಾನೆ.