ಕಲಿತು ತಪ್ಪಿದ ಗಾಂಧಾರ

ನಮ್ಮ ದೊಡ್ಡಮ್ಮ ಅಂಗಿಗಳಿಗೆ ಕಾಜಾ ಹಾಕುತ್ತಾಳೆ. ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಕೂತು, ಗುಂಡಿಯ ಅಳತೆಗೆ ಸೀಮೆಸುಣ್ಣದ ಗೆರೆ ಎಳೆದು, ಕತ್ತರಿಯ ತುದಿಯಿಂದ ಸೀಳಿ, ಸೀಳಿನ ಅಂಚಿಗೆ ದಾರದ ಗಂಟು ಹಾಕುತ್ತಾ ಹೋಗುತ್ತಾಳೆ. "ಎಲ್ಲರೂ ಹರಿದದ್ದನ್ನ ಹೊಲೀತಾರೆ, ನಾನು ಹೊಲಿದದ್ದನ್ನ ಹರೀತೀನಿ" ಎಂದು ತಾನೇ ನಗುತ್ತಾಳೆ. ಮಿಷನ್ ತುಳಿಯುವವರು ರೇಡಿಯೊ ಜೊತೆ ಹಾಡಿಕೊಳ್ಳುತ್ತಾರೆ. ಅವಳು ಹಾಡುವುದಿಲ್ಲ. ನಾನು ಹುಟ್ಟಿದಾಗಿನಿಂದ ಅವಳು ಗುನುಗಿದ್ದನ್ನೂ ಕೇಳಿರಲಿಲ್ಲ.

ನಮ್ಮ ಕಾಲೇಜಿನ ಸಿನಿಮಾ ಬಳಗದವರು ಈ ವರ್ಷ ಒಂದು ಹಳೆಯ ಚಿತ್ರ ತೋರಿಸುವವರಿದ್ದರು. ಬೀದಿ ಗುಡಿಸುವವಳ ಮಗಳು ಶಾಸ್ತ್ರೀಯ ಸಂಗೀತಕ್ಕೆ ಆಸೆಪಟ್ಟ ಕಥೆ. ಯಾರೂ ಅವಳನ್ನು ಒಳಗೆ ಬಿಡುವುದಿಲ್ಲ. ಕಿಟಕಿಯ ಹೊರಗೆ ನಿಂತು ಕಲಿಯುತ್ತಾಳೆ. ಊಟಕ್ಕೆ ಕೂತಾಗ ನಾನು ಇದನ್ನು ಹೇಳಿದೆ. ದೊಡ್ಡಮ್ಮನ ಕೈ ತಟ್ಟೆಯಲ್ಲೇ ನಿಂತಿತು.

"ಅದರಲ್ಲಿ ನಾನಿದೀನಿ ಕಣೇ."

"ಬಿಡಕ್ಕಾ, ಆ ಮಾತು ಈಗ್ಯಾಕೆ" ಎಂದಳು ಅಮ್ಮ.

"ಹೇಳ್ತೀನಿ, ಇರು. ಇವಳಿಗೂ ಗೊತ್ತಿರ್ಲಿ."

ದೊಡ್ಡಮ್ಮ ಚಿಕ್ಕಂದಿನಿಂದ ನಮ್ಮ ಹಿಂದಿನ ಬೀದಿಯ ಮೇಷ್ಟ್ರ ಹತ್ತಿರ ಹಾಡು ಕಲಿಯುತ್ತಿದ್ದಳಂತೆ. ಹೊಗಳುವುದು ಮೇಷ್ಟ್ರ ಜಾಯಮಾನವಲ್ಲ. ಅಂಥವರು ಒಮ್ಮೆ ಇವಳ ಗಾಂಧಾರ ಕೇಳಿ, "ಇದನ್ನ ಕೆಡಿಸ್ಕೋಬೇಡ" ಎಂದಿದ್ದರು. ಆ ಮಾತನ್ನು ಅವಳು ಒಡವೆಯ ಹಾಗೆ ಜೋಪಾನ ಮಾಡಿಕೊಂಡಿದ್ದಳು.

ಸಿನಿಮಾದವರು ಬಂದದ್ದು ಆ ಕಾಲಕ್ಕೆ. ಚಿತ್ರದ ಹಾಡುಗಳನ್ನೆಲ್ಲ ಹೆಸರಾದ ಗಾಯಕಿಯೊಬ್ಬರು ಹಾಡಿ ಮುಗಿಸಿದ್ದರು. ಒಂದು ಸಾಲು ಉಳಿದಿತ್ತು. ಕಿಟಕಿಯ ಹುಡುಗಿಯನ್ನು ಮೊದಲ ಸಲ ಗುರುವಿನ ಮುಂದೆ ಹಾಡಿಸುತ್ತಾರೆ. ಹೆದರಿಕೆಗೆ ಅವಳ ಗಾಂಧಾರ ಜಾರಬೇಕು. "ಅಪಸ್ವರಕ್ಕೆ ನನ್ನ ಬಾಯಿ ಬರಲ್ಲ" ಎಂದು ಆ ಗಾಯಕಿ ಎದ್ದುಹೋದರು. ಹಾಡಲು ಬಾರದವರಿಂದ ಹಾಡಿಸಿದರೆ ಎಲ್ಲವೂ ಕೆಡುತ್ತಿತ್ತು. ಉಳಿದ ಸ್ವರಗಳೆಲ್ಲ ಸರಿಯಿದ್ದು ಅದೊಂದು ಮಾತ್ರ ಕೂದಲೆಳೆಯಷ್ಟು ಕೆಳಗೆ ಬೀಳಬೇಕು. ಕೇಳಿದವರಿಗೆ ನಗು ಬರಬಾರದು, ಕರುಳು ಚುರ್ ಎನ್ನಬೇಕು. ಯಾರೋ ದೊಡ್ಡಮ್ಮನ ಹೆಸರು ಹೇಳಿದರು, ಅವಳು ಒಪ್ಪಿಕೊಂಡಳು. ಮೇಷ್ಟ್ರ ಕಿವಿಗೆ ಬೀಳದ ಹಾಗೆ ಹಿತ್ತಿಲಲ್ಲಿ ಕೂತು ಆ ತಪ್ಪನ್ನು ಸಾಧನೆ ಮಾಡಿದಳು, ಒಮ್ಮೆ ಬಿದ್ದಲ್ಲೇ ಪ್ರತಿ ಸಲವೂ ಬೀಳುವ ಹಾಗೆ.

"ಮೇಷ್ಟ್ರಿಗೆ ಹೇಳಿರ್ಲಿಲ್ವಾ?" ಎಂದೆ.

"ಸಿನಿಮಾಗೆ ಹಾಡಿದೀನಿ ಅಂದೆ. ಏನು ಹಾಡಿದೆ ಅಂತ ಹೇಳ್ಲಿಲ್ಲ. ನೋಡೇ ಖುಷಿಪಡ್ಲಿ ಅಂತ."

ಮೇಷ್ಟ್ರು ಶಿಷ್ಯರನ್ನೆಲ್ಲ ಕಟ್ಟಿಕೊಂಡು ಚಿತ್ರಕ್ಕೆ ಹೋದರು. ಆ ಸಾಲು ಬಂದಾಗ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಮೇಷ್ಟ್ರು ಎದ್ದು ಹೊರಗೆ ನಡೆದರು. ಮರುದಿನ ಪಾಠಕ್ಕೆ ಹೋದವಳಿಗೆ ಬಾಗಿಲಲ್ಲೇ, "ನಾನು ಕೊಟ್ಟ ಗಾಂಧಾರ ಅದಲ್ಲ. ಇನ್ನು ಬರಬೇಡ" ಎಂದರು. ಬೇಕೆಂದೇ ಹಾಗೆ ಹಾಡಿದ್ದು ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಹಾಡಿಯೇ ತೋರಿಸುತ್ತೇನೆಂದು ಮನೆಗೆ ಬಂದು ತಂಬೂರಿ ಹಿಡಿದಳು. ಗಾಂಧಾರ ಹೋಗಿ ಹಿತ್ತಿಲಲ್ಲಿ ಕಲಿತ ಜಾಗಕ್ಕೇ ಬಿತ್ತು. ಮತ್ತೆ ಹಾಡಿದಳು. ಮತ್ತೆ ಅಲ್ಲಿಗೇ. ಗಂಟಲು ಅದನ್ನೇ ಪಾಠವೆಂದು ಇಟ್ಟುಕೊಂಡಿತ್ತು.

"ಸುಮ್ನಾಗ್ಬಿಟ್ಟೆ" ಎಂದಳು ದೊಡ್ಡಮ್ಮ. "ಆದ್ರೆ ಒಂದು ಕೊರಗು ಕಣೇ. ನಾನು ಹಾಡೋಕೆ ಬರದೆ ತಪ್ಪಿದೆ ಅಂದ್ಕೊಂಡಿದಾರೆ ಅವರು. ಬಂದೂ ತಪ್ಪಿದ್ದು ಅಂತ ಅವರ ಬಾಯಲ್ಲಿ ಒಂದ್ಸಲ ಕೇಳ್ಬೇಕು ನನಗೆ."

ಚಿತ್ರಕ್ಕೆ ಅವಳನ್ನು ಕರೆದುಕೊಂಡು ಹೋದೆ. ಕಾಲೇಜಿನ ಸಭಾಂಗಣದ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದರು. ಆ ಸಾಲು ಬಂತು. ಎಳೆಯ ದನಿ, ನಡುಗುತ್ತಾ ಮೇಲೆ ಹತ್ತಿ, ಇನ್ನೇನು ಮುಟ್ಟಬೇಕು ಎನ್ನುವಾಗ ಸ್ವಲ್ಪವೇ ಕೆಳಗೆ ಜಾರಿತು. ಪರದೆಯ ಮೇಲಿನ ಗುರು ತಲೆ ಎತ್ತಿದ; ಬಾಗಿಲ ಬಳಿ ನಿಂತಿದ್ದ ಹುಡುಗಿಯನ್ನು ಕರೆದು ಚಾಪೆಯ ಮೇಲೆ ಕೂರಿಸಿಕೊಂಡ. ಪಕ್ಕದಲ್ಲಿದ್ದ ನನ್ನ ಗೆಳತಿ ಮೂಗು ಸೇದುತ್ತಾ, "ಯಾರೇ ಇದನ್ನ ಹಾಡಿರೋದು?" ಎಂದಳು.

"ಯಾರೋ" ಎಂದಳು ದೊಡ್ಡಮ್ಮ.

ಕೊನೆಗೆ ಬಂದ ಹೆಸರುಗಳಲ್ಲಿ ಅವಳ ಹೆಸರಿರಲಿಲ್ಲ. ಅವಳು ಹುಡುಕಿದಂತೆಯೂ ಕಾಣಲಿಲ್ಲ. ಹೊರಗೆ ಬಿಸಿಲಿಗೆ ಬಂದ ಮೇಲೆ ಮನೆಯ ಕಡೆ ತಿರುಗದೆ, "ಬಾ, ಮೇಷ್ಟ್ರನ್ನ ನೋಡ್ಕೊಂಡು ಬರೋಣ" ಎಂದಳು.

ಬಾಗಿಲು ತೆಗೆದವರು ಮೇಷ್ಟ್ರ ಸೊಸೆ. "ಜೋರಾಗಿ ಮಾತಾಡಿ. ಇಲ್ಲಾಂದ್ರೆ ಮಾವ ಕೇಳಿಸ್ದೇ ಇದ್ರೂ ತಲೆ ಆಡಿಸ್ತಾರೆ" ಎಂದು ಎಚ್ಚರಿಸಿ ಒಳಗೆ ಹೋದರು.

ಮೇಷ್ಟ್ರು ಮಂಚದಲ್ಲಿ ಗೋಡೆಗೆ ಒರಗಿದ್ದರು. ಕಣ್ಣು ಕಿರಿದು ಮಾಡಿ ನೋಡಿ, "ಓಹೋ, ಸಿನಿಮಾದವಳು!" ಎಂದರು.

ಇಷ್ಟು ಕಾಲ ಯಾರಿಗೂ ಕೇಳದ ಹಾಗೆ ಇಟ್ಟುಕೊಂಡದ್ದನ್ನು ದೊಡ್ಡಮ್ಮ ಬೀದಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಬೇಕಾಯಿತು. "ಮೇಷ್ಟ್ರೇ, ಅವತ್ತು ಬೇಕಂತಲೇ ಹಾಗೆ ಹಾಡಿದ್ದು ನಾನು!"

"ಗೊತ್ತು."

"ಗೊತ್ತಾ?"

"ಅಲ್ಲೇ ಗೊತ್ತಾಯ್ತು. ಅಷ್ಟು ಅಚ್ಚುಕಟ್ಟಾಗಿ ತಪ್ಪೋದು ಬಾರದವರ ಕೈಲಾಗುತ್ತಾ? ಬರದೆ ತಪ್ಪಿದ್ರೆ ಕೂರಿಸಿ ತಿದ್ತಿದ್ದೆ ಕಣಮ್ಮ. ನೀನು ಕಲಿತು ತಪ್ಪಿದೆ. ಅದನ್ನ ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

ಕೇಳಬೇಕೆಂದಿದ್ದ ಮಾತು ಸಿಕ್ಕಿತ್ತು. ದೊಡ್ಡಮ್ಮ ಅದನ್ನು ಎಲ್ಲಿಡಬೇಕೆಂದು ತಿಳಿಯದವಳ ಹಾಗೆ ನಿಂತಿದ್ದಳು.

"ಆಮೇಲೆ ಆ ತಪ್ಪು ಹೋಗ್ಲೇ ಇಲ್ಲ ಮೇಷ್ಟ್ರೇ" ಎಂದು ಮತ್ತೆ ಕೂಗಿದಳು. "ಅಲ್ಲೇ ನಿಂತ್ಬಿಟ್ಟಿದೆ."

ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಡಿಸಿದರು. "ಬಂದು ಹೇಳೋದಲ್ವೇನೇ?"

"ಬರಬೇಡ ಅಂದಿದ್ರಲ್ಲ."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು.

"ಈಗ ತಿದ್ದಿ" ಎಂದಳು ದೊಡ್ಡಮ್ಮ.

"ಎಲ್ಲಿಂದ ತಿದ್ಲಿ? ಕೂಗಿದ ಮಾತು ಹೇಗೋ ತಿಳಿಯುತ್ತೆ. ಹಾಡು ಅಂದ್ರೆ ಎಲ್ಲಾ ಒಂದೇ ಗುಂಯ್." ಗೋಡೆಯಿಂದ ಬೆನ್ನೆತ್ತಿ, "ಆದ್ರೂ ಹಾಡು, ನೋಡೋಣ" ಎಂದರು.

ಅವಳು ನೆಲದ ಮೇಲೆ ಕಾಲು ಮಡಿಸಿ ಕೂತಳು. ಬೆರಳಿನ ಸೀಮೆಸುಣ್ಣವನ್ನು ಮಡಿಲಿಗೆ ಒರೆಸಿಕೊಂಡು ಕಣ್ಣು ಮುಚ್ಚಿದಳು. ನನ್ನ ದೊಡ್ಡಮ್ಮ ಹಾಡಿದ್ದನ್ನು ನಾನು ಮೊದಲ ಬಾರಿ ಕೇಳಿದ್ದು ಆಗ. ದನಿ ಒಡೆದಿತ್ತು, ಆದರೂ ದಾರಿ ತಪ್ಪದೆ ಮೇಲೆ ಹತ್ತಿತು. ಇನ್ನೇನು ಮುಟ್ಟಬೇಕು ಎನ್ನುವಲ್ಲಿ ಜಾರಿತು. ಈಗಷ್ಟೇ ಕತ್ತಲೆಯಲ್ಲಿ ಕೂತು ಕೇಳಿ ಬಂದಿದ್ದೆನಲ್ಲ, ಅದೇ ಜಾಗಕ್ಕೆ.

ಮೇಷ್ಟ್ರು ಮುಂದಕ್ಕೆ ಬಾಗಿ ಅವಳ ತುಟಿಗಳನ್ನೇ ನೋಡುತ್ತಿದ್ದರು. ತುಟಿ ನಿಂತ ಮೇಲೆ ತಲೆ ಆಡಿಸಿದರು.

"ಹಾಂ, ಬಂತು. ಬಂತು ನೋಡು."

"ಬರ್ತೀನಿ ಮೇಷ್ಟ್ರೇ" ಎಂದು ಅವಳು ಎದ್ದಳು.

ಬೀದಿಯ ತಿರುವಿನವರೆಗೂ ಒಟ್ಟಿಗೆ ಬಂದೆವು. ಅಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದಳು: "ಅದು ಜಾರಿದ್ದು ನಿನಗೂ ಗೊತ್ತಾಯ್ತಲ್ವಾ?"

"ಹೂಂ, ದೊಡ್ಡಮ್ಮ."

"ಅವರಿಗೆ ಹೇಳ್ಬೇಡ."

ಸಂಜೆಯೊಳಗೆ ಮುಗಿಸಬೇಕಾದ ಅಂಗಿಗಳು ಅಂಗಡಿಯಲ್ಲಿದ್ದವು. ಅವಳು ನನ್ನನ್ನು ಬಿಟ್ಟು ಬೇಗ ಬೇಗ ನಡೆದಳು.