ತುಂಬುತೋಳಿನ ಅಂಗಿ

ತೋಟದ ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಸೀರೆಯ ಮೇಲೆ ಗಂಡನ ಹಳೇ ಅಂಗಿ ಹಾಕುತ್ತೇವೆ. ಮನೆಗೆ ಬಂದ ಕೂಡಲೇ ಕಳಚುತ್ತೇವೆ. ನನ್ನ ಓರಗಿತ್ತಿ ಜಗದಾಂಬಕ್ಕ ಮಾತ್ರ ಮನೆಯೊಳಗೂ ಕಳಚುತ್ತಿರಲಿಲ್ಲ. ಕಾರಣ ನಾನೇ. ಅವಳ ಮೊಣಕೈ ಮೇಲೆ ಹೊಟ್ಟು ಉದುರುವ ಕೆಂಪು ಪಟ್ಟೆ ಕಂಡ ದಿನ, ಅಂಟುರೋಗವೆಂದು ಹೆದರಿ ಅವಳ ಲೋಟವನ್ನು ಬೇರೆ ಇಟ್ಟುಬಿಟ್ಟಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಕಾಫಿ ಗಿಡ ಕಸಿ ಮಾಡುವುದರಲ್ಲಿ, ಅಂದರೆ ಬೇಡದ ರೆಂಬೆ ಕತ್ತರಿಸುವುದರಲ್ಲಿ, ಬೆಳಗೋಡು ಕಡೆ ಅಕ್ಕನನ್ನು ಮೀರಿಸುವವರಿಲ್ಲ. ಹೋದ ವರ್ಷ ಅವಳ ಬಲಗೈಯ ಎರಡು ಬೆರಳು ಪುಟ್ಟಬಾಳೆ ಹಣ್ಣಿನಷ್ಟು ಊದಿಕೊಂಡವು. ಬೆಳಿಗ್ಗೆ ಎದ್ದರೆ ಒಂದು ಗಂಟೆ ಕೈ ಮಡಚಲಾಗದು. ಹತ್ತಿರದ ಡಾಕ್ಟರು ರಕ್ತದಲ್ಲಿ ಸಂಧಿವಾತ ಕಾಣಲಿಲ್ಲವೆಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅಕ್ಕ ಅಲ್ಲಿ ತೋಳು ತೋರಿಸಿರಲಿಲ್ಲ.

"ಇನ್ನು ಕತ್ತರಿ ನೀನೇ ಇಟ್ಕ ಕಣೆ," ಎಂದು ಒಂದು ದಿನ ನನ್ನ ಕೈಗೆ ಕೊಟ್ಟುಬಿಟ್ಟಳು. ಮಾರನೇ ವಾರವೇ ಅವಳನ್ನು ಹಾಸನದ ಕೀಲುರೋಗದ ಡಾಕ್ಟರಮ್ಮನ ಬಳಿಗೆ ಎಳೆದುಕೊಂಡು ಹೋದೆ. ಅವರು ಮೊದಲು ನೋಡಿದ್ದು ಉಗುರನ್ನು. ಸೂಜಿಯಿಂದ ಚುಚ್ಚಿದಂತೆ ಗುಳಿಗಳಿದ್ದವು. ಚರ್ಮದ ಮೇಲೆ ಪಟ್ಟೆ ಇದೆಯಾ ಎಂದು ಕೇಳಿದರು. ಅಕ್ಕ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡಳು.

"ತೋಳು ಮಡಿಸಕ್ಕ. ತಪ್ಪು ನಂದೇ ಐತೆ," ಎಂದೆ. ಅವಳು ಮಡಿಸಿದಳು.

ಅದು ಸೋರಿಯಾಸಿಸ್, ಯಾರಿಗೂ ಅಂಟುವುದಿಲ್ಲ ಎಂದರು. ಮೈ ಕಾಯುವ ಶಕ್ತಿಯೇ ದಾರಿ ತಪ್ಪಿ ಚರ್ಮಕ್ಕೂ ಕೀಲಿಗೂ ತಿರುಗಿಬಿದ್ದಿದೆಯಂತೆ. ಪೂರ್ತಿ ವಾಸಿಯಾಗದು, ಆದರೆ ಬೇಗ ಔಷಧಿ ಹಿಡಿದರೆ ಕೀಲು ಕೆಡದಂತೆ ಹತೋಟಿಗೆ ತರಬಹುದು. ಮೆಥೊಟ್ರೆಕ್ಸೇಟ್ ಮಾತ್ರೆ ಬರೆದರು. ವಾರಕ್ಕೊಂದೇ ದಿನ, ದಿನಾ ನುಂಗಿದರೆ ಜೀವಕ್ಕೇ ಅಪಾಯ ಎಂದು ಎರಡು ಸಲ ಹೇಳಿದರು. ಆಗಾಗ ರಕ್ತಪರೀಕ್ಷೆ ಆಗಬೇಕು. ಇದಕ್ಕೆ ಜಗ್ಗದಿದ್ದರೆ ಬೇರೆ ಇಂಜೆಕ್ಷನ್‌ಗಳಿವೆ. ಮರೆಯದಿರಲೆಂದು ಸಂತೆ ದಿನವನ್ನೇ ಮಾತ್ರೆಯ ದಿನ ಮಾಡಿದೆವು.

ಎರಡು ತಿಂಗಳು ಏನೂ ಗುಣ ಕಾಣದೆ ನಾನು ಎಲ್ಲರ ಮೇಲೂ ಸಿಡಿಮಿಡಿಗುಟ್ಟಿದೆ. ಮೂರನೆಯ ತಿಂಗಳು ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ನಾನು ಅಲ್ಲೇ ಕೂತು ಅತ್ತೆ.

ಈ ಸಲ ಕಸಿಗೆ ಅಂಗಿಯ ತೋಳು ಮೇಲಕ್ಕೆ ಸುತ್ತಿಕೊಂಡೇ ಬಂದಳು. ಪಟ್ಟೆ ಮಾಸಿದೆ, ಪೂರ್ತಿ ಹೋಗಿಲ್ಲ. ಕತ್ತರಿ ಅವಳ ಕೈಗೆ ವಾಪಸ್ಸು ಕೊಟ್ಟೆ. ಮಧ್ಯಾಹ್ನದೊಳಗೆ ನನ್ನ ಸಾಲು ದಾಟಿ ಹೋಗಿದ್ದಳು. ಕಾಫಿ ಹೊತ್ತಿಗೆ ಅವಳು ಅರ್ಧ ಕುಡಿದು ಕೆಳಗಿಟ್ಟ ಲೋಟವನ್ನು ನಾನೆತ್ತಿಕೊಂಡೆ.

"ಅದು ನನ್ ಲೋಟ ಕಣೆ," ಎಂದಳು.

"ಗೊತ್ತು," ಎಂದು ಪೂರ್ತಿ ಕುಡಿದೆ.