ನಂಜುಂಡಪ್ಪನವರ ಕೋಸಂಬರಿ ಸಾಲು

ಕೋವಿಡ್ ಮುಗಿದ ಮರುವರ್ಷ ನಾನು ಬೊಮ್ಮಸಂದ್ರದ ಒಂದು ಔಷಧ ಕಾರ್ಖಾನೆಯ ಆರೋಗ್ಯ ಕೇಂದ್ರದಲ್ಲಿ ಡಯಟಿಷಿಯನ್ ಆಗಿದ್ದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕೆಲಸಕ್ಕೆ ಮರಳಿದ ಮೆಷಿನ್ ಆಪರೇಟರ್ ನಂಜುಂಡಪ್ಪ ಆಸ್ಪತ್ರೆಯ ಚೀಟಿ ಹಿಡಿದು ಬಂದರು. ‘ಮೆಡಿಟರೇನಿಯನ್ ಡಯಟ್’ ಎಂದಿತ್ತು. ಅಂದರೆ ತರಕಾರಿ, ಕಾಳು, ಹಣ್ಣು, ಮೀನು, ಆಲಿವ್ ಎಣ್ಣೆ. ಕರಿದದ್ದು, ಸಿಹಿ ಕಡಿಮೆ. ಆಲಿವ್ ಎಣ್ಣೆಗೆ ತಲೆ ಕೆಡಿಸಿಕೊಳ್ಳಬೇಡಿ, ಸೊಪ್ಪಿನ ಸಾರು, ಹುರುಳಿಕಾಳು, ಒಂದು ಹಿಡಿ ಕಡಲೆಕಾಯಿ ಸಾಕು ಎಂದೆ.

“ಮನೇಲಿ ಸರಿ ಮೇಡಂ. ಇಲ್ಲಿ ಎಂಗೆ?”

ನ್ಯಾಯವಾದ ಪ್ರಶ್ನೆ. ಶುಚಿತ್ವದ ನಿಯಮದಿಂದಾಗಿ ಊಟದ ಡಬ್ಬಿ ನಮ್ಮ ಗೇಟು ದಾಟುವಂತಿರಲಿಲ್ಲ. ಒಳಗಿನ ಕ್ಯಾಂಟೀನಿನಲ್ಲಿ ಎಣ್ಣೆ ತೇಲುವ ಸಾಂಬಾರು, ಬೊಂಡ. ಅವರು ಬರೀ ಮಜ್ಜಿಗೆ ಅನ್ನದಲ್ಲಿ ದಿನ ದೂಡಿದರು. ಒಂದು ಮಧ್ಯಾಹ್ನ ತಲೆ ಸುತ್ತುತ್ತಿದೆ ಎಂದು ಬಂದವರು, ಸೂಪರ್‌ವೈಸರ್‌ಗೆ ಹೇಳಬೇಡಿ ಎಂದು ಕೈ ಮುಗಿದರು. ನನಗೆ ಸಂಕಟವಾಯಿತು.

ಡಬ್ಬಿಗೆ ಅನುಮತಿ ಕೊಡಿ ಎಂದು ಎಚ್‌ಆರ್ ಮ್ಯಾನೇಜರನ್ನು ಕೇಳಿದೆ. “ಸ್ಪೆಷಲ್ ಊಟ ಬೇಕು ಅಂತ ನೀವು ಬರೆದುಕೊಟ್ರೆ, ಶಿಫ್ಟ್‌ಗೆ ಅನ್‌ಫಿಟ್ ಅಂತಾನೇ ಆಗುತ್ತೆ ಮೇಡಂ. ಬರೀತೀರಾ?” ಎಂದರು ನಗುತ್ತಾ. ಮೈ ಉರಿದುಹೋಯಿತು. ಬರೆದರೆ ನಂಜುಂಡಪ್ಪನವರ ಕೆಲಸಕ್ಕೆ ಕುತ್ತು, ಬರೆಯದಿದ್ದರೆ ಜೀವಕ್ಕೆ.

ಕೊನೆಗೆ ಯಾರ ಹೆಸರನ್ನೂ ಎತ್ತದೆ, ಎಲ್ಲರಿಗಾಗಿ ಒಂದು ‘ವೆಲ್‌ನೆಸ್ ಕೌಂಟರ್’ ಕೇಳಿದೆ. ಆ ಪದಕ್ಕೆ ಮ್ಯಾನೇಜರ್ ಮರುಳಾದರು! ಹೆಸರುಬೇಳೆ ಕೋಸಂಬರಿ, ಬೇಯಿಸಿದ ಕಡಲೆಕಾಯಿ, ಒಗ್ಗರಣೆಗೆ ಮುಂಚೆಯೇ ತೆಗೆದಿಟ್ಟ ಪಲ್ಯ. ಮೊದಲ ದಿನ ಅಲ್ಲಿ ನಂಜುಂಡಪ್ಪ ಒಬ್ಬರೇ ನಿಂತಿದ್ದರು.

“ಏನ್ ಗುರು, ಪೇಷಂಟ್ ಲೈನಾ?” ಬೊಂಡದ ಸಾಲಿನಿಂದ ಯಾರೋ ಕೂಗಿದರು.

ಸೂಪರ್‌ವೈಸರ್ ತಿರುಗಿ ನೋಡಿದರು. ನಂಜುಂಡಪ್ಪ ತಲೆ ತಗ್ಗಿಸಿ ಬೊಂಡದ ಸಾಲಿಗೆ ಸೇರಿಕೊಂಡರು.

ಮರುದಿನದಿಂದ ನಾನೇ ತಟ್ಟೆ ಹಿಡಿದು ಆ ಕೌಂಟರಿನ ಮುಂದೆ ನಿಂತೆ. ಪ್ಯಾಕಿಂಗ್ ವಿಭಾಗದ ಹೆಂಗಸರನ್ನು ಕಾಡಿ ಬೇಡಿ ಕರೆತಂದೆ. ಅವರು ರುಚಿ ನೋಡಿ, ಅಡುಗೆಯವರಿಗೆ ಬೈದು, ನಿಂಬೆಹಣ್ಣು, ಹಸಿಮೆಣಸಿನಕಾಯಿ ಹಾಕಿಸಿದರು. ಆಮೇಲೆ ಗಂಡಸರೂ ಬಂದರು. ಆ ಗುಂಪಿನ ನಡುವೆ ನಂಜುಂಡಪ್ಪನವರೂ ಸದ್ದಿಲ್ಲದೆ ಸೇರಿಕೊಂಡರು.

ಚೀಟಿಯಲ್ಲಿ ಪಥ್ಯ ಬರೆಯುವುದು ಸುಲಭ. ನಾಲ್ಕು ಜನರ ನಡುವೆ ಅಂಜದೆ ಅದನ್ನು ಉಣ್ಣುವಂತೆ ಮಾಡುವುದೇ ನಮ್ಮ ಕೆಲಸ ಎಂಬುದನ್ನು ಆ ಸಾಲು ನನಗೆ ಕಲಿಸಿತು. ಕೆಲವು ವಾರಗಳ ನಂತರ ನಂಜುಂಡಪ್ಪ ಖಾಲಿ ತಟ್ಟೆ ಹಿಡಿದು ಸಿಡಿಮಿಡಿಗುಟ್ಟುತ್ತಾ ನನ್ನ ಕೋಣೆಗೆ ಬಂದರು.

“ಏನ್ ಮೇಡಂ ಇದು? ನನ್ನ ಊಟಾನೆಲ್ಲಾ ಚೆನ್ನಾಗಿರೋರೇ ತಿಂದು ಖಾಲಿ ಮಾಡ್ಬಿಟ್ಟವ್ರೆ!”